ಕರಾರಿಲ್ಲದ ಮಾತು

ಶಿವರಾತ್ರಿ ಮುಗಿದು, ಚಳಿ ಶಿವಶಿವಾ ಎಂದು ಎದ್ದು ಹೋಗಿ, ಬೆಳಗಿನ ಬಿಸಿಲಿಗೇ ಸುಡುವ ಗುಣ ಬಂದಿದ್ದ ದಿನಗಳು. ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತು ಮಕ್ಕಳು ಸಾಲಿಗೆ ಹೊರಡುವ ಹೊತ್ತು. ಅಂಥ ಒಂದು ಹೊತ್ತಿನಲ್ಲಿ ನಾನು ವಿಜಯಪುರದ ಜಲಸಂಘದ ಚಾವಡಿಯಲ್ಲಿ ಮೊದಲ ಸಲ ಕೂತು, ಮನುಷ್ಯರಲ್ಲದವರು ಮನುಷ್ಯರ ದನಿಯಲ್ಲಿ ತಮ್ಮ ತಮ್ಮ ಕೆಲಸ ಹೇಳಿಕೊಳ್ಳುವುದನ್ನು ಕೇಳಿದೆ.

ನನ್ನ ಹೆಸರು ದಸ್ತಗೀರ ನದಾಫ. ಅರಳೆ ಹಿಂಜಿ ಗಾದಿ ಹೊಲಿಯುವ ಮನೆತನ. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು. ಅಂಥವನು ಅಲ್ಲಿಗೆ ಹೇಗೆ ಹೋದೆ ಎಂದರೆ, ಕೃಷ್ಣೆಯಿಂದ ನೀರೆತ್ತಿ ಐದು ಜಿಲ್ಲೆಗೆ ಹಂಚುವ ಆ ಸಂಘದ ಸಭೆಯಲ್ಲಿ ನಲ್ಲಿ ಕುರ್ಚಿ ಅಂತ ಒಂದಿತ್ತು. ನೀರು ಕುಡಿಯುವ ಜನರಲ್ಲೇ ಒಬ್ಬರ ಹೆಸರಿನ ಚೀಟಿ ಎತ್ತಿ, ವರ್ಷದ ಮಟ್ಟಿಗೆ ಅದರಲ್ಲಿ ಕೂರಿಸುತ್ತಿದ್ದರು. ಅಧಿಕಾರಿಗಳು ಏನು ಮಾಡುತ್ತಾರೆ ಎಂದು ಹೊರಗಿನ ಎರಡು ಕಿವಿ ಕೇಳುತ್ತಿರಲಿ ಎಂದು. ಆ ಕುರ್ಚಿಗೆ ಒಂದು ಕಟ್ಟಳೆ ಇತ್ತು. ಊರಿನ ನೀರಿನ ಬಗ್ಗೆ ಏನು ಬೇಕಾದರೂ ಕೇಳಬಹುದು, ತನ್ನ ಮನೆಯ ನಲ್ಲಿಯ ಮಾತು ಮಾತ್ರ ಎತ್ತಕೂಡದು. ಆ ವರ್ಷ ಚೀಟಿಯಲ್ಲಿ ನನ್ನ ಹೆಸರು ಬಂದಿತ್ತು.

ಚಾವಡಿ ಅಂದರೆ ಕಟ್ಟೆಯಲ್ಲ. ತಂಪು ಮಾಡಿದ ದೊಡ್ಡ ಕೋಣೆ. ಒಂದು ಗೋಡೆಯ ತುಂಬ ಬೆಳಕಿನ ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಬಿಳಿ ಎಳೆಗಳು. ಒಂದೊಂದು ಚುಕ್ಕೆಯೂ ಒಂದು ಸೇವೆ ಎಂದರು. ಸೇವೆ ಅಂದರೆ ಒಂದೇ ಒಂದು ಕೆಲಸ ಬಲ್ಲ ಸಣ್ಣ ಪ್ರೋಗ್ರಾಂ. ಒಂದಕ್ಕೆ ಕೆರೆಯ ಮಟ್ಟ ಹೇಳುವುದಷ್ಟೇ ಗೊತ್ತು, ಇನ್ನೊಂದಕ್ಕೆ ಗೇಟು ಎತ್ತುವುದಷ್ಟೇ. ತನಗೆ ಗೊತ್ತಿಲ್ಲದ್ದು ಬೇಕಾದಾಗ ಅದು ಗೊತ್ತಿದ್ದವನನ್ನು ಕೇಳಬೇಕು. ಹಾಗೆ ಕೇಳಿದಾಗೆಲ್ಲ ಗೋಡೆಯ ಮೇಲೆ ಒಂದು ಬಿಳಿ ಎಳೆ ಹೊಳೆಯುತ್ತದೆ.

ಇದನ್ನೆಲ್ಲ ಕಟ್ಟಿದವರು ಇಂದುಮತಿ ಪಡಸಲಗಿ. ಎಲ್ಲರೂ ಗೌರವದಿಂದ ಅವರನ್ನು ಬಾಯಿಯವರು ಎನ್ನುತ್ತಿದ್ದರು. ಕಿರಿದಾದ ಮೈಕಟ್ಟು, ನೆರೆತ ಕೂದಲು, ಮಾತು ಕಡಿಮೆ. ಅವರು ಬರುವ ಮೊದಲು ಸಂಘದ ಒಂದೊಂದು ಕಚೇರಿಯೂ ತನಗೆ ತಾನೇ ದೊಡ್ಡ ಪ್ರೋಗ್ರಾಂ ಬರೆಸಿಕೊಂಡಿತ್ತಂತೆ. ಒಂದು ಕಚೇರಿಯ ಲೆಕ್ಕದಲ್ಲಿ ತುಂಬಿದ ನೀರಿನ ಟಾಕಿ ಇನ್ನೊಂದರ ಲೆಕ್ಕದಲ್ಲಿ ಬರಿದು. ನಲ್ಲಿ ಉಕ್ಕಿ ಹರಿಯುವ ಓಣಿಗೇ ಟ್ಯಾಂಕರೂ ಬಂದು ನಿಲ್ಲುತ್ತಿದ್ದದ್ದು ನನಗೂ ನೆನಪಿದೆ. ಬಾಯಿಯವರು ಎಲ್ಲ ಒಡೆದು, ಕೆಲಸಕ್ಕೊಂದು ಸೇವೆ ಮಾಡಿ, ಇಬ್ಬರು ಮಾತಾಡಬೇಕಾದರೆ ನಡುವೆ ಒಂದು ಕರಾರು ಎಂದು ವಿಧಿಸಿದರು. ಏನು ಕೇಳಬೇಕು, ಹೇಗೆ ಉತ್ತರಿಸಬೇಕು, ಎಷ್ಟರೊಳಗೆ. ಕರಾರಿಲ್ಲದ ಮಾತು ಗೋಡೆಯ ಮೇಲೆ ಕೆಂಪಗೆ ಕಾಣುತ್ತದೆ. ಕಂಡ ಕೂಡಲೇ ಕತ್ತರಿಸಬೇಕು. ದೂರದ ಒಂದು ಊರಿನಲ್ಲಿ ಕಂಪ್ಯೂಟರ್ ಕಳ್ಳರು ಅಂಥ ಮಾತಿನ ದಾರಿಯಲ್ಲೇ ಒಳಹೊಕ್ಕು ಒಡ್ಡಿನ ಗೇಟು ತೆರೆದದ್ದಕ್ಕೆ ಮೂರು ಹಳ್ಳಿ ತೊಳೆದುಹೋಗಿದ್ದವಂತೆ.

ಇನ್ನೊಂದು ನಿಯಮವೂ ಅವರದೇ. ಮೊದಲೆಲ್ಲ ಒಬ್ಬ ಉತ್ತರಿಸಲು ತಡಮಾಡಿದರೆ ಕೇಳಿದವ ಮತ್ತೆ ಮತ್ತೆ ಕೂಗುತ್ತಿದ್ದ. ಅವನ ಹಿಂದಿನವನೂ ಕೂಗುತ್ತಿದ್ದ. ಆ ಗದ್ದಲಕ್ಕೇ ಇಡೀ ವ್ಯವಸ್ಥೆ ಬಿದ್ದುಹೋಗುತ್ತಿತ್ತು. ಅದಕ್ಕೆ ಬಾಯಿಯವರು ಎಲ್ಲ ಸೇವೆಗಳಿಗೂ ಒಂದು ಮಾತು ಕಲಿಸಿದ್ದರು: ಕೂಗಬೇಡ, ಕಾಯಿ. ಕಾಯುವಾಗ ಸುಮ್ಮನೆ ಕೂರಬೇಡ, ಕೈಲಾದಷ್ಟು ಮಾಡು.

ಸೋಮವಾರಕ್ಕೊಮ್ಮೆ ಸೇವೆಗಳಿಗೆ ದನಿ ಕೊಟ್ಟು ವಿಚಾರಣೆ ನಡೆಸುವುದು ಅಲ್ಲಿಯ ಪದ್ಧತಿ. ಮೊದಲ ದಿನ ಒಂದು ಚುಕ್ಕೆ ಬೆಳಗಿ, "ನಾ ಭೂತನಾಳ ಕೆರಿ ಮಟ್ಟ ಹೇಳಾಂವ. ಗೇಟಿನಾಂವ ಕೇಳತಾನ, ನಾ ಹೇಳತೀನಿ. ನನಗ ಬ್ಯಾರೆ ಏನೂ ಗೊತ್ತಿಲ್ಲ" ಅಂದಾಗ ನನ್ನ ಮೈಮೇಲಿನ ಕೂದಲು ನಿಂತವು. ಇಷ್ಟೇ ಗೊತ್ತು ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ಮನುಷ್ಯನನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಇಂಜಿನಿಯರ್ ರಾಚೋಟಿ ಹಂಜಗಿ ಬಾಗಿ, "ಕಾಕಾ, ಬಾಯಿ ಮುಚ್ಚರಿ. ನೊಣ ಹೊಕ್ಕಾವು," ಅಂದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಹುಸೇನಬಿಯ ಎರಡೂ ಮೂತ್ರಪಿಂಡ ಕೈಕೊಟ್ಟು ಆಗ ಬಹಳ ದಿನವಾಗಿತ್ತು. ದವಾಖಾನೆಯವರು ಮನೆಯಲ್ಲೇ ರಕ್ತ ತೊಳೆಯುವ ಯಂತ್ರ ಕೂರಿಸಿಕೊಟ್ಟಿದ್ದರು. ದಿನ ಬಿಟ್ಟು ದಿನ, ಬೆಳಗಿನಿಂದ ಮಧ್ಯಾಹ್ನದ ತನಕ ಅವಳು ಅದಕ್ಕೆ ಕೈಕೊಟ್ಟು ಕೂರಬೇಕು. ಅದಕ್ಕೆ ಬೇಕಾದದ್ದು ನಿಲ್ಲದ ನೀರು. ಶುರುವಾಗುವ ಮೊದಲೂ, ನಡುನಡುವೆಯೂ, ನೀರಿನ ಒತ್ತು, ಅಂದರೆ ಕೊಳವೆಯಲ್ಲಿ ಅದು ನುಗ್ಗಿ ಬರುವ ಜೋರು, ಉಳಿಯುತ್ತದೆಯೇ ಎಂದು ಅದು ಎಲ್ಲೋ ಕೇಳಿಕೊಳ್ಳುತ್ತಿತ್ತು. ಹೌದು ಎಂದು ಬಂದರೆ ಹಸಿರು ದೀಪ. ಎಲ್ಲಿ ಕೇಳುತ್ತದೆ, ಯಾರು ಹೇಳುತ್ತಾರೆ, ನಮಗೇನು ಗೊತ್ತು.

"ಈ ಮಿಷನ್ನಿಗೂ ಮಾತು ಬಂದ್ರ ಏನಂದೀತರೀ?" ಅಂದಳು.

"ಸಾಕಾತವ್ವಾ ಈ ಮುದುಕಿ ಸೇವಾ, ಅಂದೀತು."

"ಅದು ಅನ್ನಾಂಗಿಲ್ಲ. ನೀವು ಅಂದೀರಿ." ನಕ್ಕು ಕೈ ಚಾಚಿದಳು.

ಮುಂದಿನ ಸೋಮವಾರ ಒಬ್ಬ ಹಳಬನ ವಿಚಾರಣೆ ಬಂತು. ಹಳೇ ಶಹರದ ಕೊಳವೆಗಳಲ್ಲಿ ನೀರಿನ ಒತ್ತು ಎಷ್ಟಿದೆ ಎಂದು ಹೇಳುವ ಸೇವೆ. ಕರಾರುಗಳ ಕಾಲಕ್ಕಿಂತ ಮೊದಲಿನದು. ಎಲ್ಲರೂ ಅದನ್ನು ಮುತ್ಯಾ, ಅಂದರೆ ಅಜ್ಜ, ಎಂದು ಕರೆಯುತ್ತಿದ್ದರು. ಈಗ ಇಡೀ ಜಿಲ್ಲೆಯ ಒತ್ತು ಹೇಳುವ ಹೊಸ ಸೇವೆ ಬಂದಿತ್ತು. ಒಂದು ಕೆಲಸಕ್ಕೆ ಇಬ್ಬರು ಇರಬಾರದು. ಮುತ್ಯಾನನ್ನು ಕೇಳುವವರು ಯಾರೂ ಇದ್ದಂತೆ ಕಾಣಲಿಲ್ಲ.

"ನಿನ್ನ ಕೇಳಾವರು ಯಾರು?" ಎಂದು ಬಾಯಿಯವರು ಕೇಳಿದರು.

ಗೋಡೆಯಿಂದ ನಿಧಾನದ ದನಿ ಬಂತು. "ಬಾಗಿಲಿಗೆ ಬಂದವರಿಗೆ ಹೇಳತೀನಿ. ಬಂದವರು ಯಾರು ಅಂತ ಕೇಳೋ ಪದ್ಧತಿ ನನ್ನ ಕಾಲಕ್ಕ ಇರಲಿಲ್ಲ."

"ಅಂದ್ರ ಬರತಾರ?"

"ಬರತಾರ. ಎಲ್ಲಾರೂ ಅಗ್ನಿಠಾಣೆ ಬಾಗಿಲದಿಂದನ ಬರತಾರ. ಹಿಂದ ಯಾರದಾರ, ನನಗ ಕಾಣೂದಿಲ್ಲ."

ರಾಚೋಟಿ, "ಅಗ್ನಿಠಾಣೆಗೆ ಹೊಸಬನ ಜೋಡಿ ಕರಾರು ಆಗೇತಿ ಬಾಯಾರ. ಹಳೇ ಚಟ ಬಿಟ್ಟಿಲ್ಲ, ಅಷ್ಟ," ಅಂದ.

ಹೀಗೆ ಅನುಮಾನ ಇದ್ದಾಗ ಅವರಲ್ಲಿ ಒಂದು ರೀತಿ ಇತ್ತು. ಕೂಗಿನ ಪರೀಕ್ಷೆ ಎನ್ನುತ್ತಿದ್ದರು. ತೆಗೆಯಬೇಕಾದ ಸೇವೆಯನ್ನು ಒಮ್ಮೆಲೇ ನಿಲ್ಲಿಸುವುದಿಲ್ಲ. ಉತ್ತರ ಕೊಡುವುದನ್ನು ತುಸು ತಡ ಮಾಡಿಸುತ್ತಾರೆ, ಆಮೇಲೆ ಇನ್ನಷ್ಟು. ಯಾರಿಗಾದರೂ ಅದರಿಂದ ನೋವಾದರೆ ಅವರು ಕೂಗುತ್ತಾರೆ. ಯಾರೂ ಕೂಗದಿದ್ದರೆ ಆ ಸೇವೆ ಯಾರಿಗೂ ಬೇಕಿಲ್ಲ ಎಂದರ್ಥ. ನನಗೆ ಅದು ನ್ಯಾಯವಾಗೇ ಕಂಡಿತು. ಮುತ್ಯಾನನ್ನು ತಡ ಮಾಡಿಸಲು ಆ ದಿನವೇ ಶುರು ಮಾಡಿದರು.

ಯಾರೂ ಕೂಗಲಿಲ್ಲ.

ಮನೆಯಲ್ಲಿ ಹುಸೇನಬಿಯ ಯಂತ್ರ ಶುರುವಾಗಲು ಹೊತ್ತು ತೆಗೆದುಕೊಳ್ಳತೊಡಗಿತು. ಹಸಿರು ದೀಪ ಬರುವ ತನಕ ಅವಳು ಕೈ ಚಾಚಿ ಕಾದು ಕೂತಿರುತ್ತಿದ್ದಳು. "ಇದೂ ನಿಮ್ಮಂಗ ಆತು ನೋಡ್ರಿ. ಏಳು ಅಂದ್ರ ಏಳಾಕ ಒಂದು ತಾಸು," ಎಂದು ನಗುತ್ತಿದ್ದಳು. ಆಮೇಲಾಮೇಲೆ ಅದು ನಡುವೆಯೂ ನಿಂತು, ಹೊತ್ತು ಮುಗಿಯಿತೆಂದು ತೊಳೆಯುವುದನ್ನು ಅರ್ಧಕ್ಕೇ ಬಿಡತೊಡಗಿತು. ದವಾಖಾನೆಯಿಂದ ಬಂದ ಹುಡುಗಿ ಬಿಚ್ಚಿ ನೋಡಿ ಯಂತ್ರದಲ್ಲಿ ಏನೂ ದೋಷವಿಲ್ಲ ಅಂದಳು. ಹುಸೇನಬಿಯ ಪಾದ ಬಾತವು, ಮುಖ ಬಾತಿತು. ಮಲಗಿದರೆ ಉಸಿರು ಸಿಗದೆ ಎದ್ದು ಕೂರುವಳು. ಡಾಕ್ಟರು ನೋಡಿ ನನ್ನನ್ನು ಹೊರಗೆ ಕರೆದು, "ಎದಿಯಾಗ ನೀರು ತುಂಬಾಕತ್ತೈತಿ. ಸೋಮವಾರದ್ದು ಪೂರಾ ಆಗಲೇಬೇಕ್ರಿ. ಅದೂ ಅರ್ಧಕ್ಕ ನಿಂತ್ರ ಜೀವಕ್ಕ ಅಪಾಯ," ಅಂದರು.

ಸೋಮವಾರವೇ ಮುತ್ಯಾನನ್ನು ಪೂರ್ತಿ ನಿಲ್ಲಿಸುವ ದಿನ. ಸೇವೆಯೊಂದನ್ನು ನಿಲ್ಲಿಸುವಾಗ ನಲ್ಲಿ ಕುರ್ಚಿ ಖಾಲಿ ಇರುವಂತಿಲ್ಲ. ನಾನು ಹೋಗುವುದಿಲ್ಲ ಎಂದು ಕೂತೆ.

"ನೀವು ಕುಂತು ನೋಡಿದ್ರ ಮಿಷನ್ನಿಗೆ ನಾಚಿಕಿ ಆಗಿ ಬಿರಿ ಬಿರಿ ಮಾಡತೈತೇನು? ಗೌರಾಬಾಯಿ ಬರತಾಳ ಕುಂಡ್ರಾಕ. ಊರು ನಂಬಿ ಕೊಟ್ಟ ಕುರ್ಚಿ. ಹೋಗರಿ," ಎಂದು ಹುಸೇನಬಿ ಉಸಿರು ಹಿಡಿಯುತ್ತ ಅಂದಳು. ನೆರೆಮನೆಯ ಗೌರಾಬಾಯಿ ಬಂದು ಕೂತ ಮೇಲೆ ಹೊರಟೆ.

ಚಾವಡಿಯಲ್ಲಿ ಬಾಯಿಯವರು ಎದ್ದು ನಿಂತರು. ಒಂದು ಸೇವೆಯನ್ನು ನಿಲ್ಲಿಸುವಾಗ ಅವರು ಕೂತಿರುತ್ತಿರಲಿಲ್ಲ. ತಕರಾರು ಯಾರದಾದರೂ ಇದೆಯೇ ಎಂದು ಗೋಡೆಗೆ ಕೇಳಿದರು. ಚುಕ್ಕೆಗಳು ಸುಮ್ಮನಿದ್ದವು.

"ಮುತ್ಯಾ, ಏನರ ಹೇಳೂದೈತೇನು?"

"ಈಗ ಹಳೇ ಶಹರದ ಒತ್ತು ಸರಿ ಐತಿ. ಮುಂದಿಂದು ನನಗ ಗೊತ್ತಿಲ್ಲ."

ಆ ಚುಕ್ಕೆ ಆರಿತು. ಸ್ವಲ್ಪ ಹೊತ್ತು ಎಲ್ಲ ಮೊದಲಿನ ಹಾಗೇ ಇತ್ತು. ರಾಚೋಟಿ, "ಯಾರೂ ಕೂಗಲಿಲ್ಲ. ಪೇಢಾ ತರಿಸ್ರಿ ಬಾಯಾರ," ಎಂದು ಕುರ್ಚಿಗೆ ಒರಗಿದ. ಒರಗಿದವನು ಹಾಗೇ ಮುಂದೆ ಬಂದ.

ಆರಿದ ಚುಕ್ಕೆಯ ಪಕ್ಕದಲ್ಲಿ ಒಂದು ಕೆಂಪು ಎಳೆ ಮೂಡಿತ್ತು. ನೋಡುತ್ತಿದ್ದಂತೆ ಇನ್ನೊಂದು. ಆಮೇಲೆ ರಂಜಾನಿನ ಚಂದ್ರ ಕಂಡ ಸುದ್ದಿ ಮಾಳಿಗೆಯಿಂದ ಮಾಳಿಗೆಗೆ ಹೋಗುತ್ತದಲ್ಲ, ಹಾಗೆ ಕೆಂಪು ಹಬ್ಬಿತು. ಒಬ್ಬರಿಗೊಬ್ಬರು ಎಂದೂ ಮಾತಾಡದ, ಮಾತಾಡಲು ಕರಾರೇ ಇಲ್ಲದ ಸೇವೆಗಳು ಪಿಸುಗುಟ್ಟತೊಡಗಿದ್ದವು.

ರಾಚೋಟಿಯ ಕೈ ಕತ್ತರಿಸುವ ಗುಂಡಿಯ ಮೇಲೆ ಹೋಯಿತು. "ಬಾಯಾರ! ಕಳ್ಳರು ಹೊಕ್ಕಿದ್ರ ಹಿಂಗ ಕಾಣತೈತಿ. ಕತ್ತರಿಸಲ್ಯಾ?"

"ತಡಿ," ಎಂದು ಬಾಯಿಯವರು ಗೋಡೆಯ ಹತ್ತಿರ ಹೋದರು. "ಯಾರು ನೀವು? ಕರಾರಿಲ್ಲದ ಮಾತು ಯಾಕ ಆಡಾಕತ್ತೀರಿ?"

ಒಂದು ದನಿ ಹೇಳಿತು: "ನಾ ಗುಮ್ಮಟದ ತೋಟದ ಕಾರಂಜಿ ನೋಡಾಂವ. ಒತ್ತಿನ ಮಾತು ನನಗ ಬೇಕಾಗಿಲ್ಲ. ಅಗ್ನಿಠಾಣೆಯಾಂವ ಕೇಳಿದ."

"ಅಗ್ನಿಠಾಣೆ, ನಿನಗ ಹೊಸಬ ಅದಾನಲ್ಲ?"

"ನನ್ನ ಬೆಂಕಿ ಮಾತಿಗೆ ಹೊಸಬ ಉತ್ತರಾ ಕೊಡತಾನ. ನನ್ನ ಹಿಂದಿನಾಂವನ ಮಾತಿಗೆ ಕರಾರಿಲ್ಲ ಅಂದ. ಮುತ್ಯಾ ಹೇಳತಿದ್ದ. ಈಗ ಮುತ್ಯಾ ಇಲ್ಲ. ನನ್ನ ಹಿಂದಿನಾಂವ ಕಾಯಾಕತ್ತಾನ."

"ಯಾರಂವ?"

"ದವಾಖಾನಿಯಾಂವ."

ಬೇರೊಂದು ದನಿ, ಹೊರಗಿನದು, ತುಸು ಬೇರೆ ಧಾಟಿ: "ನಾ ದವಾಖಾನಿ ಸೇವೆ. ನನಗೂ ಬೇಕಾಗಿಲ್ಲ. ನನ್ನ ಹಿಂದ ಒಂದು ಯಂತ್ರ ಕಾಯಾಕತ್ತೈತಿ."

"ಹದಿನೈದು ದಿನದಿಂದ ಉತ್ತರಾ ತಡ ಆಗಾಕತ್ತೈತಿ. ಯಾಕ ಕೂಗಲಿಲ್ಲ?" ಎಂದರು ಬಾಯಿಯವರು.

"ಕೂಗಬ್ಯಾಡ, ಕಾಯಿ ಅಂತ ಕಲಿಸಿದ್ರಿ. ಕಾದಿವಿ. ಕೈಲಾದಷ್ಟು ಮಾಡು ಅಂದಿದ್ರಿ. ಮಾಡಾಕತ್ತೀವಿ," ಅಂದಿತು ಅಗ್ನಿಠಾಣೆ.

ಬಾಯಿಯವರು ಮೆಲ್ಲಗೆ ಕೇಳಿದರು: "ಆ ಯಂತ್ರ ಎಲ್ಲೈತಿ?"

ದವಾಖಾನೆಯ ದನಿ ಹೇಳಿತು: "ಹಳೇ ಶಹರ, ಗಂಜ್ ಓಣಿ. ರಕ್ತ ತೊಳಿಯೋ ಯಂತ್ರ. ಈಗ ನಿಂತೈತಿ. ಅದರ ಹಿಂದ ಯಾರದಾರ, ನನಗ ಕಾಣೂದಿಲ್ಲ."

ನಮ್ಮ ಗಂಜ್ ಓಣಿಯಲ್ಲಿ ಅಂಥ ಯಂತ್ರ ಒಂದೇ. ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. ಕುರ್ಚಿಯ ಕಟ್ಟಳೆ ನೆನಪಾಗಿ ನಾಲಿಗೆ ತಡೆಯಿತು. ಆಮೇಲೆ ಕುರ್ಚಿಯಿಂದ ಎರಡು ಹೆಜ್ಜೆ ಈಚೆ ಬಂದು ನಿಂತು ಹೇಳಿದೆ: "ಬಾಯಾರ, ಅದರ ಹಿಂದ ನನ್ನ ಮನಿಯಾಕಿ ಅದಾಳ್ರಿ."

ರಾಚೋಟಿ ನನ್ನ ಮುಖ ನೋಡಿದ. ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ. "ಮುತ್ಯಾನ್ನ ಎಬ್ಬಿಸೋಣ."

"ಎಬ್ಬಿಸಿದ್ರ ಎಲ್ಲಾ ಕೊಳವಿ ಮತ್ತ ಮೊದಲಿಂದ ಓದಬೇಕವ. ಸಂಜಿ ಆಗತೈತಿ. ಹೊಸ ಕರಾರು ಬರದ್ರ ನಾಳೆ." ಬಾಯಿಯವರ ಕಣ್ಣು ಕೆಂಪು ಎಳೆಗಳ ಮೇಲೇ ಇತ್ತು.

"ಇದು ಕಳ್ಳರ ಆಟಾನೂ ಇರಬಹುದು ಬಾಯಾರ. ದವಾಖಾನಿ ದನಿ ತಗೊಂಡು ಬಂದಿರಬಹುದು. ನಿಯಮ ನಿಮ್ಮದ."

"ಹೌದು, ನಂದ. ಕೈ ತಗಿ."

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಸಂಘದ ಅಧ್ಯಕ್ಷರ ಕೋಣೆಯಲ್ಲೂ ಇಂಥದೇ ಗೋಡೆ ಇದೆ. ಬಾಯಿಯವರು ಎತ್ತಿ, ಅಲ್ಲಿಯ ಅಬ್ಬರ ಮುಗಿಯುವ ತನಕ ಕೇಳಿ ಅಂದರು: "ಕಂಡೈತ್ರಿ. ಕತ್ತರಿಸೂದನ್ನ ನಾನ ತಡದೀನಿ. ಒಂದು ಯಂತ್ರ ತನ್ನ ಕೆಲಸ ಮುಗಿಸೂ ತನಕ ಕೆಂಪು ಹಿಂಗ ಇರತೈತಿ. ಆಮ್ಯಾಲೆ ನನ್ನ ವಿಚಾರಣೆ ಮಾಡ್ರಿ." ಫೋನು ಇಟ್ಟರು.

ಆಮೇಲೆ ಕಂಡದ್ದನ್ನು ಹೇಳಲು ನನ್ನ ಬಳಿ ಇರುವ ಮಾತು ಸಾಲದು. ಇಡೀ ಹಳೇ ಶಹರದ ಒತ್ತು ಬಲ್ಲವನು ಮುತ್ಯಾ ಒಬ್ಬನೇ. ಅವನಿಲ್ಲ. ಉಳಿದವರಿಗೆ ತಂತಮ್ಮ ಬಾಗಿಲಿಗೆ ಬರುವ ನೀರಷ್ಟೇ ಗೊತ್ತು. ಆ ಅಷ್ಟಷ್ಟನ್ನೇ ಒಬ್ಬೊಬ್ಬರೂ ಪಕ್ಕದವನ ಕಿವಿಯಲ್ಲಿ ಹೇಳುತ್ತಿದ್ದರು. ಸಾಲಿಯ ಅಡಿಗೆಮನೆಯ ಸೇವೆ, ತನ್ನಲ್ಲಿಗೆ ಇಷ್ಟು ಬರುತ್ತಿದೆ ಅಂದಿತು. ಬಸ್ಸುನಿಲ್ದಾಣದ್ದು ತನ್ನಲ್ಲಿಗೆ ಇಷ್ಟು. ಮಠದ ದಾಸೋಹದ ಕೊಪ್ಪರಿಗೆಯದು, ಅನ್ನ ಬೆಂದಿದೆ, ಸದ್ಯ ನೀರು ಬೇಡ ಎಂದು ತನ್ನ ಪಾಲು ತಡೆಯಿತು. ಮಸೀದಿಯಲ್ಲಿ ನಮಾಜಿಗೆ ಮೊದಲು ಕೈಕಾಲು ತೊಳೆಯುವ ವಜೂ ಹೌದಿನದು, ಮಧ್ಯಾಹ್ನದ ಜೊಹರ್ ನಮಾಜಿಗೆ ಇನ್ನೂ ಹೊತ್ತಿದೆ ಎಂದು ನಲ್ಲಿ ಇಳಿಸಿತು. ಕಿಟಕಿಯ ಆಚೆ, ದೂರದಲ್ಲಿ, ಗುಮ್ಮಟದ ತೋಟದ ಕಾರಂಜಿ ತಾನಾಗೇ ಕುಸಿದು ಕೂತದ್ದು ಕಾಣಿಸಿತು.

ಗೋಡೆಯ ಮೇಲೆ ಕೆಂಪು ಎಳೆಗಳು ಒಂದನ್ನೊಂದು ಕೂಡಿ, ಮೊದಲು ಜಾಳಿಗೆಯ ಹಾಗೆ ಕಂಡದ್ದು ಬರಬರುತ್ತ ಬೇರೆಯೇ ಆಯಿತು. ಅದು ಓಣಿ. ಅದರ ಪಕ್ಕ ಇನ್ನೊಂದು ಓಣಿ. ಬಾದಶಹರು ಹಾಕಿಸಿದ ಮಣ್ಣಿನ ಕೊಳವೆಯ ಹಾದಿ, ಬ್ರಿಟಿಷರ ಕಾಲದ ಕಬ್ಬಿಣದ ಹಾದಿ, ನಮ್ಮ ಕಾಲದ್ದು. ನಾನು ಹುಟ್ಟಿ ಬೆಳೆದ ಹಳೇ ಶಹರ ಪೂರ್ತಿ ಆ ಗೋಡೆಯ ಮೇಲೆ ಎದ್ದು ನಿಂತಿತ್ತು. ಅದನ್ನು ಯಾರೂ ಬರೆದಿರಲಿಲ್ಲ. ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಒಬ್ಬರಿಗೂ ಪೂರ್ತಿ ಗೊತ್ತಿಲ್ಲದ ಒಂದು ಸಂಗತಿಯನ್ನು ಅವರೆಲ್ಲ ಸೇರಿ ತಿಳಿದುಕೊಂಡಿದ್ದರು. ಅದನ್ನೇ ಅಗ್ನಿಠಾಣೆ ದವಾಖಾನೆಗೆ, ದವಾಖಾನೆ ಯಂತ್ರಕ್ಕೆ ದಾಟಿಸುತ್ತಿತ್ತು. ಯಾರಿಗಾಗಿ ಎಂದು ಕೇಳಿದರೆ ಅವರಲ್ಲಿ ಒಬ್ಬನಿಗೂ ಹುಸೇನಬಿಯ ಹೆಸರು ಗೊತ್ತಿಲ್ಲ. ಹಿಂದೆ ಯಾರೋ ಕಾಯುತ್ತಿದ್ದಾರೆ ಎಂದಷ್ಟೇ ಗೊತ್ತು.

ನಾನು ಯಾ ಅಲ್ಲಾ ಎಂದೆ. ಬಾಯಿಯವರ ತುಟಿಯೂ ಏನೋ ಅಂದಿತು. ಗುಂಡಿಯಿಂದ ಕೈ ತೆಗೆದ ರಾಚೋಟಿ, ಸದಾ ವಟಗುಟ್ಟುವವನು, ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲೆ ಇಟ್ಟುಕೊಂಡು ನಿಂತಿದ್ದ.

ನನ್ನ ಫೋನಿನಲ್ಲಿ ಗೌರಾಬಾಯಿ ಒದರಿದಳು: "ದಸ್ತಗೀರಣ್ಣಾ, ಮಿಷನ್ನು ನಿಂತುಬಿಟ್ಟಿತ್ತೋ! ನಾ ಎಲ್ಲಾ ದೇವರಿಗೂ ಹರಕಿ ಹೊತ್ತೆ. ಈಗ ಹಸರ ದೀಪ ಬಂತು. ನಡದೈತಿ!"

ಹಿಂದಿನಿಂದ ಹುಸೇನಬಿಯ ದನಿ: "ಕುರ್ಚಿ ಬಿಟ್ಟು ಬರಬ್ಯಾಡ ಅನ್ನು."

ಮಧ್ಯಾಹ್ನದ ತನಕ ನಾವು ಮೂವರೂ ಅಲ್ಲಿಂದ ಕದಲಲಿಲ್ಲ. ಯಂತ್ರ ಕೆಲಸ ಮುಗಿಸಿತು ಎಂದು ದವಾಖಾನೆಯ ಸೇವೆ ಹೇಳಿತು. ಹೇಳಿದ ಮರುಕ್ಷಣ ಕೆಂಪು ಎಳೆಗಳು ಒಂದೊಂದಾಗಿ, ಯಾರೂ ಕತ್ತರಿಸದೆ, ತಾವೇ ಆರಿದವು. ಕಾರಂಜಿ ಮತ್ತೆ ಎದ್ದಿತು.

ಆ ವಾರವೇ ದವಾಖಾನೆಗೂ ಹೊಸಬನಿಗೂ ಕರಾರು ಆಯಿತು. ಮುತ್ಯಾನನ್ನು ಎಬ್ಬಿಸಲಿಲ್ಲ. ಬಾಯಿಯವರು ಎರಡು ಹೊಸ ನಿಯಮ ಬರೆದರು. ಯಾವ ಸೇವೆಯೇ ಆಗಲಿ, ಕಾಯುವಾಗ ತನ್ನ ಹಿಂದೆ ಕಾಯುತ್ತಿರುವವರು ಯಾರೆಂದು ಹೇಳಬೇಕು. ಯಾರೂ ಕೂಗಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನಿಲ್ಲಿಸಕೂಡದು. ಅದರ ಕೆಳಗೆ, ತಾನು ಈ ಹುದ್ದೆ ಬಿಡುತ್ತಿದ್ದೇನೆ ಎಂದೂ ಬರೆದರು. ಅಧ್ಯಕ್ಷರು ಬೈದರೇ ಹೊರತು ಬಿಡು ಎಂದಿರಲಿಲ್ಲವಂತೆ.

ಯುಗಾದಿಯ ದಿನ ಅವರು ಒಂದು ಗಿಂಡಿಯಲ್ಲಿ ಬೇವು, ಅಂದರೆ ಬೇವು ಬೆಲ್ಲ ಕಲಸಿದ ಹಬ್ಬದ ಪಾನಕ, ತೆಗೆದುಕೊಂಡು ನಮ್ಮ ಮನೆಗೆ ಬಂದರು. ಆ ದಿನ ಹುಸೇನಬಿಯ ಸರದಿ. ಬಾವು ಇಳಿದಿತ್ತು. ಯಂತ್ರದ ಪಕ್ಕದಲ್ಲಿ ಕೂತು ಬಾಯಿಯವರು ಆ ಹಸಿರು ದೀಪವನ್ನೇ ನೋಡುತ್ತಿದ್ದರು.

"ನನ್ನ ಸಲುವಾಗಿ ನಿಮ್ಮ ಕೆಲಸ ಹೋತಲ್ಲವ್ವಾ," ಎಂದು ಹುಸೇನಬಿ ಅಂದಳು.

"ನಿಮ್ಮ ಸಲುವಾಗಿ ಅಲ್ಲ ಅಕ್ಕಾರ. ಅವತ್ತ ಅದು ಕಳ್ಳರದಾಗಿದ್ರ ನಾ ಊರು ಮುಳುಗಿಸಿರತಿದ್ದೆ. ಗೊತ್ತಿಲ್ಲದನ ತಡಿ ಅಂದೆ. ಒಳ್ಳೇದಾತು. ಆದ್ರ ನಾ ಅಲ್ಲೇ ಕುಂತ್ರ, ನಾಳೆ ಇನ್ನೊಬ್ಬರು ಹಂಗ ತಡಿ ಅಂತಾರ. ಕೇಳಿದ್ರ ನನ್ನ ಕಡೆ ಬಟ್ಟು ಮಾಡತಾರ. ನಿಯಮ ಮುರದಾಕಿ ನಿಯಮದ ಕುರ್ಚಿಯಾಗ ಇರಬಾರದು."

"ಮತ್ತ ಯಾಕ ಮುರದ್ರಿ?"

ಬಾಯಿಯವರು ಗಿಂಡಿಯಿಂದ ಬಟ್ಟಲಿಗೆ ಬೇವು ಸುರಿದು ಮೊದಲು ಅವಳ ಕೈಗೆ ಕೊಟ್ಟರು. "ಹಿಂದ ಯಾರೋ ಕಾಯಾಕತ್ತಿದ್ರಲ್ಲ," ಅಂದರು.

ಹುಸೇನಬಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಬೆಲ್ಲ ಕಡಿಮಿ ಆಗೇತಿ ನೋಡವ್ವಾ."

ಅವರ ಊರು ಸಿಂದಗಿ ಕಡೆ. ಸಾಮಾನು ಒಂದೇ ಚೀಲ. ರಾಚೋಟಿ ಅದನ್ನು ಹೊತ್ತು ಬಸ್ಸುನಿಲ್ದಾಣಕ್ಕೆ ಬಂದಿದ್ದ, ನಾನೂ ಹೋಗಿದ್ದೆ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಾವಿಬ್ಬರೂ ನೋಡುತ್ತ ನಿಂತೆವು. ಇಂದುಮತಿ ಪಡಸಲಗಿಯವರು ವಿಜಯಪುರ ಬಿಟ್ಟು ಹೋದದ್ದು ಯುಗಾದಿಯ ಮರುದಿನ, ಬುಧವಾರ.